ಎಲ್ಲ ಕೊಟ್ಟ, ಬೀಗದ ಕೈ ಕೊಡಲಿಲ್ಲ

ಫ್ರೆಡರಿಕ್ ಕ್ಲೆಗ್ ಪುರಸಭೆ ಕಚೇರಿಯ ಗುಮಾಸ್ತ. ಚಿಟ್ಟೆ ಹಿಡಿದು, ಕೊಂದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಜೋಡಿಸಿಡುವುದು ಅವನ ಹವ್ಯಾಸ. ಕಚೇರಿಯ ಕಿಟಕಿಯಿಂದ ಎದುರು ಮನೆಯ ಮಿರಾಂಡಾ ಕಂಡ ದಿನ ಡೈರಿಯಲ್ಲಿ ‘ಎಕ್ಸ್’ ಎಂದು ಗುರುತು ಹಾಕುತ್ತಾನೆ. ಹೆಸರು ತಿಳಿದ ಮೇಲೆ ಅದು ‘ಎಂ’ ಆಗುತ್ತದೆ. ಒಂದು ದಿನ ಫುಟ್‌ಬಾಲ್ ಬಾಜಿಯಲ್ಲಿ 73 ಸಾವಿರ ಪೌಂಡಿಗೂ ಹೆಚ್ಚು ಹಣ ಅವನ ಕೈಸೇರುತ್ತದೆ. ಸಸೆಕ್ಸ್‌ನಲ್ಲೊಂದು ಒಂಟಿ ಮನೆ ಕೊಳ್ಳುತ್ತಾನೆ. ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದ ಮಿರಾಂಡಾಳಿಗೆ ಕ್ಲೋರೋಫಾರ್ಮ್ ಹಿಡಿದು, ವ್ಯಾನಿನಲ್ಲಿ ಹೊತ್ತು ತಂದು, ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾನೆ.

ಜಾನ್ ಫೌಲ್ಸ್ ಅವರ ಮೊದಲ ಕಾದಂಬರಿ ‘ದಿ ಕಲೆಕ್ಟರ್’ನ ಕಥೆ ಇದು. ಬಂದದ್ದು 1963ರಲ್ಲಿ. ಎರಡೇ ವರ್ಷಕ್ಕೆ ವಿಲಿಯಂ ವೈಲರ್ ಅದನ್ನು ಸಿನಿಮಾ ಮಾಡಿದರು. ಟೆರೆನ್ಸ್ ಸ್ಟಾಂಪ್, ಸಮಂತಾ ಎಗರ್ ಇಬ್ಬರಿಗೂ ಆ ವರ್ಷದ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ, ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಸಿನಿಮಾ ಚೆನ್ನಾಗಿದೆ. ಆದರೂ ನೀವು ಪುಸ್ತಕವನ್ನೇ ಓದಬೇಕು ಎಂಬುದು ನನ್ನ ಹಟ.

ಏಕೆಂದರೆ ಪುಸ್ತಕದ ಮೊದಲ ಭಾಗ ಪೂರ್ತಿ ಕ್ಲೆಗ್‌ನದೇ ಮಾತು. ವಿನಯದ ಮಾತು. ಅವಳಿಗೆಂದು ಬಟ್ಟೆ ತರುತ್ತಾನೆ, ಬಣ್ಣ, ಪುಸ್ತಕ, ಸಂಗೀತದ ರೆಕಾರ್ಡು ತರುತ್ತಾನೆ, ಬೇಕಾದ್ದನ್ನು ಬೇಯಿಸಿ ಕೊಡುತ್ತಾನೆ. ನಾನು ಕಾಲೇಜಿನಲ್ಲಿ ಈ ಕಾದಂಬರಿ ಹೇಳುತ್ತಿದ್ದಾಗ ಅರ್ಧ ಓದಿದ ಹುಡುಗನೊಬ್ಬ ಎದ್ದುನಿಂತು, “ಪಾಪ, ಅವನು ಒಳ್ಳೆಯವನೇ ಅಲ್ವಾ ಮೇಡಂ? ಅವಳನ್ನ ಮುಟ್ಟಲೂ ಇಲ್ವಲ್ಲ?” ಎಂದ. ಹುಡುಗಿಯರ ಬೆಂಚಿನಲ್ಲಿ ಯಾರೂ ಮಾತಾಡಲಿಲ್ಲ. “ಎರಡನೇ ಭಾಗ ಓದಿ ಬಾಪ್ಪ, ಆಮೇಲೆ ಮಾತಾಡೋಣ” ಎಂದೆ.

ಎರಡನೇ ಭಾಗ ಮಿರಾಂಡಾ ಗುಟ್ಟಾಗಿ ಬರೆದ ದಿನಚರಿ. ಅದೇ ದಿನಗಳು, ಅದೇ ಕೋಣೆ. ಅವನ ಬಾಯಲ್ಲಿ ಸೇವೆಯಾಗಿದ್ದದ್ದು ಇಲ್ಲಿ ಉಸಿರುಗಟ್ಟಿಸುತ್ತದೆ. ಹೊರಗಿನ ಗಾಳಿ ಕುಡಿಯಬೇಕೆಂದರೂ ಕೈಕಟ್ಟಿಸಿಕೊಂಡು, ಬಾಯಿಗೆ ಬಟ್ಟೆ ತುರುಕಿಸಿಕೊಂಡು, ರಾತ್ರಿ ಹೊತ್ತಿನಲ್ಲಿ. ನಾಲ್ಕು ವಾರಕ್ಕೆ ಬಿಡುತ್ತೇನೆಂದು ಮಾತು ಕೊಟ್ಟವನು ಕೊನೆಯ ರಾತ್ರಿ ಮದುವೆಯ ಪ್ರಸ್ತಾಪ ಇಡುತ್ತಾನೆ. ಅವಳು ಒಲ್ಲೆನೆಂದಾಗ ಕೊಟ್ಟ ಮಾತು ಅಲ್ಲಿಗೇ ಮುಗಿಯಿತು. ನ್ಯುಮೋನಿಯಾದಿಂದ ಅವಳು ನರಳುವಾಗಲೂ ಗುಟ್ಟು ರಟ್ಟಾದೀತೆಂದು ಡಾಕ್ಟರನ್ನು ಕರೆಯುವುದಿಲ್ಲ. ಅವಳು ಸಾಯುತ್ತಾಳೆ. ಮೊದಲು ತಾನೂ ಸಾಯುತ್ತೇನೆ ಎಂದುಕೊಂಡವನು, ದಿನಚರಿಯಲ್ಲಿ ತನ್ನ ಮೇಲೆ ಪ್ರೀತಿಯಿಲ್ಲದ್ದನ್ನು ಓದಿ ಮನಸ್ಸು ಬದಲಿಸುತ್ತಾನೆ. ಮುಂದೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಇನ್ನೊಬ್ಬ ಹುಡುಗಿಯ ಮೇಲೆ ಅವನ ಕಣ್ಣು.

ಕ್ಲೆಗ್‌ಗೆ ಕೊನೆಯವರೆಗೂ ತಾನು ತಪ್ಪು ಮಾಡಿದೆ ಅನ್ನಿಸುವುದೇ ಇಲ್ಲ. ನನಗೆ ಭಯವಾಗುವುದು ಅದಕ್ಕೆ. ಬೇಡ ಎಂದವಳ ಬೆನ್ನುಬಿದ್ದು ಒಪ್ಪಿಸುವ ನಾಯಕನಿಗೆ ನಾವು ಎಷ್ಟು ಚಿತ್ರಗಳಲ್ಲಿ ಶಿಳ್ಳೆ ಹೊಡೆದಿಲ್ಲ! ಹಿಂದಿ ಚಿತ್ರ ‘ಡರ್’ ಕನ್ನಡಕ್ಕೆ ‘ಪ್ರೀತ್ಸೆ’ಯಾಗಿ ಬಂದಾಗಲೂ ಜನರ ಬಾಯಲ್ಲಿ ಉಳಿದದ್ದು ಕಾಡುವ ಪ್ರೇಮಿಯಾಗಿ ನಟಿಸಿದ ಉಪೇಂದ್ರ.

ಹೆಣ್ಣಿನ ಬೆನ್ನುಬೀಳುವುದು ನಮ್ಮಲ್ಲಿ ಪ್ರತ್ಯೇಕ ಅಪರಾಧವಾದದ್ದು 2013ರಲ್ಲಿ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು. ದಿನಾ ಅದೇ ಬಸ್‌ಸ್ಟಾಪಿನಲ್ಲಿ ಯಾರೋ ನಿಂತಿರುತ್ತಾನೆ ಎಂದು ಮಗಳು ಹೇಳಿದರೆ, ದಯವಿಟ್ಟು ಅವಳ ದಾರಿ ಬದಲಿಸಬೇಡಿ, ಕಾಲೇಜು ಬಿಡಿಸಬೇಡಿ. 112ಕ್ಕೆ ಫೋನ್ ಮಾಡಿ.