ಮನಸ್ಸಿನ ಬಾಗಿಲಿಗೆ ಕಾವಲು: ಚಿಂತೆಯ ಹೊತ್ತಿನಲ್ಲಿ ಪ್ರಾರ್ಥನೆ ಮಾಡುವುದು ಹೇಗೆ?

"ಚಿಂತೆ ಮಾಡಬೇಡಿ, ಪ್ರಾರ್ಥನೆ ಮಾಡಿ." ಚರ್ಚಿಗೆ ಹೋಗುವವರು ಈ ಮಾತನ್ನು ನೂರು ಸಲ ಕೇಳಿರುತ್ತಾರೆ. ಹೇಗೆ ಮಾಡಬೇಕೆಂದು ಹತ್ತಿರ ಕೂರಿಸಿಕೊಂಡು ಹೇಳಿಕೊಡುವವರು ಕಡಿಮೆ. ಕಣ್ಣು ಮುಚ್ಚಿದ ಕೂಡಲೇ ಬ್ಯಾಂಕಿನ ಕಂತು, ಮಗಳ ಪರೀಕ್ಷೆ, ಅಪ್ಪನ ಸ್ಕ್ಯಾನಿಂಗ್ ರಿಪೋರ್ಟು ಸಾಲಾಗಿ ಬಂದು ನಿಲ್ಲುತ್ತವೆ. ಪ್ರಾರ್ಥನೆ ಎಂದು ಶುರುವಾದದ್ದು ಐದೇ ನಿಮಿಷದಲ್ಲಿ ಲೆಕ್ಕಾಚಾರವಾಗಿಬಿಡುತ್ತದೆ. ನಿಮಗೂ ಹೀಗಾಗುತ್ತಿದ್ದರೆ ಮುಂದೆ ಓದಿ.

ಈ ವಿಷಯಕ್ಕೆ ಕ್ರೈಸ್ತರು ಮೊದಲು ತೆರೆಯುವ ಪುಟ ಹೊಸ ಒಡಂಬಡಿಕೆಯಲ್ಲಿದೆ: ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ, 4ನೇ ಅಧ್ಯಾಯ, 6 ಮತ್ತು 7ನೇ ವಚನ. ಬರೆದವನು ಅಪೊಸ್ತಲ ಪೌಲ. ಆಗ ಆತ ಸೆರೆಯಲ್ಲಿದ್ದ. ಬಿಡುಗಡೆಯೋ ಮರಣವೋ ಆತನಿಗೇ ಗೊತ್ತಿರಲಿಲ್ಲ. ವಚನಗಳ ಸಾರ ಇಷ್ಟು: ಯಾವುದಕ್ಕೂ ಚಿಂತೆಯಲ್ಲಿ ಮುಳುಗಬೇಡಿ. ಬೇಕಾದದ್ದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿ. ಹೇಳುವಾಗಲೇ ಕೃತಜ್ಞತೆಯನ್ನೂ ಸೇರಿಸಿ. ಆಗ ದೇವರ ಶಾಂತಿ ನಿಮ್ಮ ಹೃದಯವನ್ನೂ ಯೋಚನೆಗಳನ್ನೂ ಕಾಯುತ್ತದೆ.

ಈ "ಕಾಯುವುದು" ಎಂಬಲ್ಲಿ ಸ್ವಲ್ಪ ನಿಲ್ಲಿ. ಮೂಲ ಗ್ರೀಕಿನಲ್ಲಿ ಅದು ಸೈನ್ಯದವರ ಮಾತು, ಊರಿಗೆ ಕಾವಲು ಪಡೆ ಇಡುವುದಕ್ಕೆ ಬಳಸುತ್ತಿದ್ದ ಪದ. ಫಿಲಿಪ್ಪಿಯಾದರೋ ರೋಮಿನ ನಿವೃತ್ತ ಸೈನಿಕರನ್ನು ನೆಲೆಗೊಳಿಸಿದ್ದ ಊರು. ಅಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾವಲು ನಿಂತರೆ ಕಳ್ಳರೇ ಇಲ್ಲವಾಗುವುದಿಲ್ಲ. ಒಳಗೆ ನುಗ್ಗಲಾರರು, ಅಷ್ಟೇ. ಕೇಳಿದ್ದೆಲ್ಲ ಸಿಗುತ್ತದೆ ಎಂಬ ಮಾತು ಆ ಎರಡು ವಚನಗಳಲ್ಲಿ ಇಲ್ಲವೇ ಇಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಎಷ್ಟೋ ನಿರಾಸೆ ತಪ್ಪುತ್ತದೆ.

"ಹಾಗಾದರೆ ಚಿಂತೆ ಬರುವುದೇ ನಂಬಿಕೆ ಕಡಿಮೆಯಾದ ಗುರುತೇ?" ಎಂದು ಕೇಳುವವರಿದ್ದಾರೆ. ಅಲ್ಲ. ಸಭೆಗಳ ಚಿಂತೆ ದಿನದಿನವೂ ತನ್ನ ಮೇಲಿದೆ ಎಂದು ಇದೇ ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಗೆತ್ಸೆಮನೆ ತೋಟದಲ್ಲಿ ಯೇಸು ತಳಮಳಗೊಂಡು ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದನೆಂದು ಮತ್ತಾಯನ ಸುವಾರ್ತೆ ಹೇಳುತ್ತದೆ. ಕೇಳಿದ್ದನ್ನೇ ಮತ್ತೆ ಕೇಳಲು ನೀವು ನಾಚಬೇಕಾಗಿಲ್ಲ.

ಈಗ ಮಾಡುವ ಬಗೆ. ಒಂದು ಸಾಧಾರಣ ನೋಟ್‌ಬುಕ್ ತೆಗೆದುಕೊಳ್ಳಿ. ಎಡ ಪುಟ ಬೇಡಿಕೆಗೆ, ಬಲ ಪುಟ ಸ್ತೋತ್ರಕ್ಕೆ, ಅಂದರೆ ಕೃತಜ್ಞತೆಗೆ. ಎಡಗಡೆ "ಕಷ್ಟ ನಿವಾರಿಸು ಸ್ವಾಮಿ" ಎಂದು ಬರೆದರೆ ಸಾಲದು. ಯಾವ ಕಷ್ಟ, ಯಾವ ದಿನ, ಎಷ್ಟು ರೂಪಾಯಿ ಎಂದು ಬರೆಯಿರಿ. ಹೆಸರಿಲ್ಲದ ಭಯಕ್ಕೆ ಕೊನೆಯಿರುವುದಿಲ್ಲ. "15ನೇ ತಾರೀಕಿಗೆ ಫೀಸು ಕಟ್ಟಬೇಕು, ಇನ್ನೂ ಎಂಟು ಸಾವಿರ ಬೇಕು" ಎಂದು ಬರೆದಾಗ ಅದಕ್ಕೊಂದು ಅಳತೆ ಬರುತ್ತದೆ. ಬರೆದದ್ದನ್ನು ಮೆಲುದನಿಯಲ್ಲಿ ದೇವರಿಗೆ ಓದಿ ಹೇಳಿ. ಒಂದೊಂದು ಸಾಲಿನ ಕೊನೆಗೆ "ಇದು ನಿನ್ನ ಕೈಯಲ್ಲಿದೆ" ಎಂದು ನಿಲ್ಲಿಸಿ. ಆಮೇಲೆ ಬಲ ಪುಟ. ಅಲ್ಲಿ ಆ ದಿನವೇ ಕಂಡ ಮೂರು ಸಂಗತಿ ಸಾಕು. ಕೊನೆಗೆ ಎರಡು ನಿಮಿಷ ಏನೂ ಕೇಳದೆ ಸುಮ್ಮನೆ ಕೂರಿ. ಎಲ್ಲ ಸೇರಿ ಹದಿನೈದು ನಿಮಿಷ.

ಅಮ್ಮನ ಆಪರೇಷನ್ ಹಿಂದಿನ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದ ಹಾಳೆ ಈಗಲೂ ನನ್ನ ಬಳಿ ಇದೆ. ಎಡಗಡೆ: ಅರಿವಳಿಕೆಯಿಂದ ಅಮ್ಮ ಸರಿಯಾಗಿ ಎಚ್ಚರಗೊಳ್ಳಲಿ, ಎರಡನೇ ಬಾಟಲಿ ರಕ್ತ ಬೆಳಿಗ್ಗೆಯೊಳಗೆ ಸಿಗಲಿ. ಬಲಗಡೆ: ರಕ್ತ ಕೊಡಲು ಬೀದಿಯ ಇಬ್ಬರು ಹುಡುಗರು ಕೆಲಸ ಬಿಟ್ಟು ಬಂದರು. ಆಯಾ ಕೇಳದೆಯೇ ಬಿಸಿನೀರು ತಂದುಕೊಟ್ಟಳು. ಅಮ್ಮ ನಾಲ್ಕು ಚಮಚ ಗಂಜಿ ಕುಡಿದಳು. ಅಕ್ಷರಗಳು ಸೊಟ್ಟಗಿವೆ, ಕೈ ನಡುಗುತ್ತಲೇ ಇತ್ತು. ಭಯ ಹೋಗಲಿಲ್ಲ. ಆದರೆ ನಾನು ಒಬ್ಬಳೇ ಇಲ್ಲ ಎಂಬುದು ಆ ಬಲ ಪುಟ ಓದಿದಾಗ ಗೊತ್ತಾಯಿತು. ಮೂರು ತಾಸು ನಿದ್ದೆಯೂ ಬಂತು.

ಸ್ತೋತ್ರ ಯಾಕೆ ಬೇಕು, ಬರೀ ಬೇಡಿಕೆ ಸಾಲದೇ? ಆತಂಕದ ಮನಸ್ಸು ಮುಂದಿನ ಕೇಡನ್ನೇ ಹುಡುಕುತ್ತಿರುತ್ತದೆ. ಕೃತಜ್ಞತೆ ಅದನ್ನು ಈಗಾಗಲೇ ಆದ ಒಳಿತಿನ ಕಡೆ ತಿರುಗಿಸುತ್ತದೆ. ಇಗ್ನೇಷಿಯಸ್ ಲೊಯೋಲರ ಆತ್ಮಸಾಧನೆಯ ಪುಸ್ತಕಕ್ಕೆ ಪೋಪರ ಒಪ್ಪಿಗೆ ಸಿಕ್ಕಿದ್ದು 1548ರಲ್ಲಿ. ಅದರಲ್ಲಿ ಎಕ್ಸಾಮೆನ್, ಅಂದರೆ ದಿನದ ಆತ್ಮಪರಿಶೋಧನೆ, ಎಂಬ ಕ್ರಮವಿದೆ. ಅದರ ಮೊದಲ ಹೆಜ್ಜೆಯೇ ಪಡೆದದ್ದಕ್ಕೆ ವಂದನೆ. ತಪ್ಪುಗಳ ಲೆಕ್ಕ ಆಮೇಲೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲ್ಲೊ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞತೆಯ ಪಟ್ಟಿ ಬರೆದವರು ಕಿರಿಕಿರಿಗಳ ಪಟ್ಟಿ ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿ ಕಂಡಿದ್ದರು. ಅದು ಆತಂಕ ಕಾಯಿಲೆಯ ಚಿಕಿತ್ಸೆಯಲ್ಲ, ನೆನಪಿರಲಿ.

ಮನಸ್ಸಿಲ್ಲದಾಗಲೂ ವಂದನೆ ಹೇಳುವುದು ನಟನೆಯಲ್ಲವೇ? ಕರಾವಳಿಯ ಕೊಂಕಣಿ ಕಥೋಲಿಕರ ಮೊಂತಿ ಹಬ್ಬ ನೋಡಿ. ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ಮಕ್ಕಳು ಹೂವಿನ ತಟ್ಟೆ ಹಿಡಿದು ಬರುತ್ತಾರೆ. ಗುರುಗಳು ಆಶೀರ್ವದಿಸಿದ ಹೊಸ ತೆನೆ ಮನೆಮನೆಗೆ ಹೋಗುತ್ತದೆ. ಕಾಳು ಸುಲಿದು ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಮಳೆ ಕೈಕೊಟ್ಟ ವರ್ಷವೂ ಆ ತಾರೀಕು ಬದಲಾಗುವುದಿಲ್ಲ. ವಂದನೆಗೆ ಮೂಡನ್ನು ಕಾಯಬೇಡಿ, ಹೊತ್ತು ಗೊತ್ತುಮಾಡಿ. ಹಾಗೆಂದು ದುಃಖವನ್ನು ಅದುಮಿಡುವುದೂ ಬೇಡ. 13ನೇ ಕೀರ್ತನೆ ಓದಿ. ಇನ್ನೂ ಎಷ್ಟು ಕಾಲ ಹೀಗೆ ಎಂದು ಅಲ್ಲಿ ನಾಲ್ಕು ಸಲ ದೇವರನ್ನೇ ಕೇಳಲಾಗಿದೆ. ಹಾಡು ಬರುವುದು ಕೊನೆಗೆ.

ಬರೆಯಲು ಆಗದಷ್ಟು ತಳಮಳವಿದ್ದರೆ ಬಾಯಿಪಾಠದ ಪ್ರಾರ್ಥನೆಯನ್ನೇ ಹಿಡಿದುಕೊಳ್ಳಿ. ಕಥೋಲಿಕರಿಗೆ ಜಪಸರವಿದೆ. ಮುಂದಾಳು ಅರ್ಧ ಹೇಳುತ್ತಾರೆ, ಉಳಿದರ್ಧ ಎಲ್ಲರೂ ಹೇಳುತ್ತಾರೆ. ಹೀಗೆ ಹೇಳುವಾಗ ಉಸಿರು ತಾನಾಗಿ ನಿಧಾನವಾಗುತ್ತದೆ. ಇಟಲಿಯಲ್ಲಿ 23 ಆರೋಗ್ಯವಂತರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲ್ಯಾಟಿನ್ ಜಪಸರ ಹೇಳುವಾಗ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಮಂತ್ರ ಹೇಳಿದಾಗಲೂ ಹಾಗೆಯೇ ಆಯಿತು. ಪ್ರಾಟೆಸ್ಟೆಂಟ್ ಸಭೆಯವರು ಕರ್ತನ ಪ್ರಾರ್ಥನೆಯನ್ನು ಒಂದು ಸಾಲಿಗೆ ಒಂದು ಉಸಿರಿನಂತೆ ಹೇಳಬಹುದು.

ಖರ್ಚು? ನೋಟ್‌ಬುಕ್ಕಿನ ಬೆಲೆ. ಕನ್ನಡ ಬೈಬಲ್ ಬೇಕಿದ್ದರೆ ಬೈಬಲ್ ಸೊಸೈಟಿ ಆಫ್ ಇಂಡಿಯಾದ ಅಂಗಡಿಗಳಲ್ಲಿ ಸಿಗುತ್ತದೆ. ಮೊಬೈಲಿನಲ್ಲಿ ಯೂವರ್ಷನ್ ಆ್ಯಪ್ ಉಚಿತ, ಕನ್ನಡದಲ್ಲೂ ಓದಬಹುದು. ಜೊತೆಗೊಬ್ಬರು ಪ್ರಾರ್ಥಿಸಲಿ ಎನಿಸಿದರೆ ಹತ್ತಿರದ ಚರ್ಚಿನ ಸಭಾಪಾಲಕರನ್ನೋ ಗುರುಗಳನ್ನೋ ಕೇಳಿ. ಪ್ರಾರ್ಥನೆಗೆ ದರ ಹೇಳುವವರ ಬಳಿ ಹೋಗಬೇಡಿ. "ನಂಬಿಕೆಯಿದ್ದರೆ ಮಾತ್ರೆ ನಿಲ್ಲಿಸಿ" ಎನ್ನುವವರ ಮಾತನ್ನು ಖಂಡಿತ ಕೇಳಬೇಡಿ. ಪೌಲನ ಪತ್ರಗಳಲ್ಲಿ ಲೂಕನೆಂಬ ಒಬ್ಬ ವೈದ್ಯನ ಹೆಸರು ಪ್ರೀತಿಯಿಂದಲೇ ಬರುತ್ತದೆ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಎದೆ ಡವಗುಟ್ಟಿ ಕೆಲಸಕ್ಕೆ ಹೋಗಲಾಗದಿದ್ದರೆ, ಬದುಕು ಬೇಡ ಎನಿಸಿದರೆ, ಆ ದಿನವೇ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸೇವೆ ಟೆಲಿ-ಮಾನಸ್. ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಆಪ್ತಸಮಾಲೋಚಕರು ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ಗೋ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೋ ಹೋಗುವುದಾದರೆ ಆ ನೋಟ್‌ಬುಕ್ಕನ್ನೂ ಒಯ್ಯಿರಿ. ಯಾವಾಗಿನಿಂದ, ಯಾವ ಹೊತ್ತಿಗೆ, ಯಾವುದರ ಭಯ ಎಂದು ಡಾಕ್ಟರು ಕೇಳುತ್ತಾರೆ. ಅದೆಲ್ಲ ಎಡ ಪುಟದಲ್ಲಿ ನಿಮ್ಮದೇ ಕೈಬರಹದಲ್ಲಿ ಇರುತ್ತದೆ.