ಕಣ್ಣಿಗೆ ರಕ್ತ ಏರುವ ಬಗೆ

ಹಲಸೂರಿನಿಂದ ಹೊರಟು ದೊಮ್ಮಲೂರನ್ನು ದಾಟಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಪೂರ್ವಕ್ಕೆ ಸಾಗಿದರೆ ವಿಮಾನಪುರ ಸಿಕ್ಕುತ್ತದೆ. ಅಲ್ಲಿ ವಾಯುಸೇನೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಮನುಷ್ಯನನ್ನು ಕೂರಿಸಿ ಗಿರಗಿರನೆ ತಿರುಗಿಸುವ ಬೃಹತ್ ಯಂತ್ರವೊಂದುಂಟು. ಯುದ್ಧವಿಮಾನ ಥಟ್ಟನೆ ತಿರುವು ತೆಗೆದುಕೊಂಡಾಗ ಚಾಲಕನ ದೇಹ ಅನುಭವಿಸುವ ಭಾರವನ್ನು ಅದು ನೆಲದ ಮೇಲೆಯೇ ಉಂಟುಮಾಡುತ್ತದೆ.

ಭಾರ ಸಹಜಕ್ಕಿಂತ ಸುಮಾರು ನಾಲ್ಕು ಪಟ್ಟಾಗುವ ವೇಳೆಗೆ, ರಕ್ಷಣೆಯಿಲ್ಲದೆ ಕುಳಿತವನಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಮೊದಲು ಬಣ್ಣಗಳು ಬೂದಿಯಂತಾಗುತ್ತವೆ. ಬಳಿಕ ನೋಟದ ಅಂಚುಗಳು ಮಾಯವಾಗುತ್ತವೆ. ಕಡೆಗೆ ಎಲ್ಲವೂ ಕತ್ತಲೆ. ಆದರೆ ಪ್ರಜ್ಞೆ ತಪ್ಪಿರುವುದಿಲ್ಲ. ಕಿವಿ ಕೇಳುತ್ತದೆ, ಬುದ್ಧಿ ಕೆಲಸ ಮಾಡುತ್ತದೆ. ವೇಗ ತಗ್ಗಿದ ಕೆಲವೇ ಕ್ಷಣಗಳಲ್ಲಿ ನೋಟವೂ ಮರಳುತ್ತದೆ.

ಮಿದುಳಿಗಿಂತ ಮೊದಲು ಕಣ್ಣೇಕೆ ಸೋಲಬೇಕು? ಕಣ್ಣುಗುಡ್ಡೆಯೊಳಗೆ ತನ್ನದೇ ಆದ ಒತ್ತಡವಿದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಪಾದರಸದ 10ರಿಂದ 21 ಮಿಲಿಮೀಟರ್. ಒಳಹೊಗುವ ರಕ್ತ ಅದನ್ನು ಮೀರಿ ನುಗ್ಗಬೇಕು. ಭಾರ ಹೆಚ್ಚಿ ರಕ್ತ ಕಾಲುಗಳತ್ತ ಜಗ್ಗಿದಾಗ ಅಕ್ಷಿಪಟಕ್ಕೆ ರಕ್ತ ಏರುವುದಿಲ್ಲ. 1945ರ ಸುಮಾರಿಗೆ ಅಮೆರಿಕದ ಎಡ್ವರ್ಡ್ ಲ್ಯಾಂಬರ್ಟ್ ಎಂಬ ವೈದ್ಯರು ಇದನ್ನು ಚಮತ್ಕಾರವಾಗಿ ತೋರಿಸಿದರು. ಕಣ್ಣಿಗೆ ಬಿಗಿಯಾದ ಕನ್ನಡಕ ತೊಡಿಸಿ, ಅದರೊಳಗಿನ ಗಾಳಿಯನ್ನು ಹೀರಿ ತೆಗೆದಾಗ, ಕತ್ತಲೆ ಕವಿಯಬೇಕಾಗಿದ್ದ ಭಾರದಲ್ಲಿಯೂ ನೋಟ ಉಳಿಯಿತು!

ವಿಮಾನ ಹಾರಿಸದ ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಇದೇ ಲೆಕ್ಕ ಮಂಚದ ಮೇಲೆ ಮಲಗಿದವರ ಕಣ್ಣಿನಲ್ಲಿಯೂ ನಡೆಯುತ್ತಿರುತ್ತದೆ. ಹತ್ತು ಲಕ್ಷಕ್ಕೂ ಮಿಕ್ಕ ಎಳೆಗಳು ಕಣ್ಣಿನ ಹಿಂಬದಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಕಿಂಡಿಯೊಂದರಲ್ಲಿ ಒತ್ತಾಗಿ ಕೂಡಿ ದೃಷ್ಟಿನರವಾಗುತ್ತವೆ. ಆ ಇಕ್ಕಟ್ಟಿನ ಜಾಗಕ್ಕೆ ರಕ್ತವನ್ನು ಮುಖ್ಯವಾಗಿ ಒದಗಿಸುವುವು ಕಣ್ಣಿನ ಹಿಂಭಾಗದ ಕೆಲವು ಸಣ್ಣ ಧಮನಿಗಳು. ಇದನ್ನು ಸಾಧಿಸಿ ತೋರಿದವರಲ್ಲಿ ಅಗ್ರಗಣ್ಯರು, ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಬಹುಕಾಲ ದುಡಿದ ಡಾ. ಸೋಹನ್ ಸಿಂಗ್ ಹೈರೇ.

ರಾತ್ರಿ ನಿದ್ರೆಯಲ್ಲಿ ಸಾಮಾನ್ಯವಾಗಿ ರಕ್ತದೊತ್ತಡ ಇಳಿಯುತ್ತದೆ. ಕೆಲವರಲ್ಲಿ ಈ ಇಳಿತ ಮಿತಿಮೀರಿ ದೃಷ್ಟಿನರಕ್ಕೆ ರಕ್ತದ ಅಭಾವವಾಗುವುದೆಂದು 1994ರಲ್ಲಿ ಹೈರೇಯವರು ವಾದಿಸಿದರು. ಎಲ್ಲ ವೈದ್ಯರೂ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಆದರೂ, ನೋವಿಲ್ಲದೆ, ಬೆಳಿಗ್ಗೆ ಕಣ್ಣು ತೆರೆದಾಗ ಒಂದು ಕಣ್ಣಿನ ಅರ್ಧ ನೋಟಕ್ಕೆ ಪರದೆ ಎಳೆದಂತಾಗಿರುವ ರೋಗಿಗಳನ್ನು ಅವರೆಲ್ಲರೂ ಬಲ್ಲರು. ಹುಟ್ಟಿನಿಂದಲೇ ಆ ಕಿಂಡಿ ಕಿರಿದಾಗಿರುವವರಿಗೆ, ಮಧುಮೇಹಿಗಳಿಗೆ, ನಿದ್ರೆಯಲ್ಲಿ ಉಸಿರು ಕಟ್ಟಿ ಗೊರಕೆ ಹೊಡೆಯುವವರಿಗೆ ಅಪಾಯ ಹೆಚ್ಚು. ಕಣ್ಣಿನ ಒತ್ತಡ ಎಂದೂ ಮಿತಿ ಮೀರದವರಲ್ಲಿಯೂ ಗ್ಲಾಕೋಮಾ ತಲೆದೋರುವುದುಂಟು. ಅಲ್ಲಿಯೂ ರಕ್ತದ ಕೊರತೆಯ ಕೈವಾಡವನ್ನು ವೈದ್ಯರು ಶಂಕಿಸುತ್ತಾರೆ.

ಮರೆತುಹೋದೀತೆಂದು ಯಜಮಾನರ ಊಟದ ತಟ್ಟೆಯ ಪಕ್ಕದಲ್ಲೇ ರಕ್ತದೊತ್ತಡದ ಮಾತ್ರೆ ಇಡುವ ಮನೆಗಳು ಎಷ್ಟಿಲ್ಲ! ಅಕ್ಕರೆಯೇನೋ ದೊಡ್ಡದು. ಆದರೆ ದೃಷ್ಟಿನರಕ್ಕೆ ಹಾನಿಯಾಗಿದೆಯೆಂದು ತಿಳಿದವರು, ಆ ಮಾತ್ರೆಯನ್ನು ಯಾವ ವೇಳೆಯಲ್ಲಿ ನುಂಗತಕ್ಕದ್ದೆಂದು ವೈದ್ಯರನ್ನು ಕೇಳಲೇಬೇಕು. ತಾವಾಗಿಯೇ ನಿಲ್ಲಿಸುವುದು ಮಾತ್ರ ಕೂಡದು. ಏರಿದ ರಕ್ತದೊತ್ತಡವೂ ಕಣ್ಣಿಗೆ ಶತ್ರುವೇ. ಹೀಗೆ ಸತ್ತ ಎಳೆಗಳನ್ನು ಬದುಕಿಸುವ ಔಷಧ ಇನ್ನೂ ಇಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಗಂಟೆಗಳ ಲೆಕ್ಕವೂ ಮುಖ್ಯ. ಐವತ್ತು ದಾಟಿದವರಿಗೆ ಹೊಸದಾಗಿ ಕಪೋಲದ ಮೇಲ್ಭಾಗದಲ್ಲಿ ನೋವು, ಬಾಚಣಿಗೆ ತಾಕಿದರೆ ತಲೆಯಲ್ಲಿ ಉರಿ, ಅಗಿಯುವಾಗ ದವಡೆ ನೋವು, ಅದರೊಡನೆ ಕ್ಷಣಕಾಲ ಕಣ್ಣು ಮಂಜಾಗುವುದು—ಇವು ಧಮನಿಯ ಉರಿಯೂತದ ಲಕ್ಷಣಗಳಿರಬಹುದು. ನಮ್ಮ ದೇಶದಲ್ಲಿ ಈ ರೋಗ ವಿರಳ. ಆದರೆ ಬಂದರೆ ಕಾಯುವುದಿಲ್ಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೋ ಹತ್ತಿರದ ಇನ್ನಾವ ಕಣ್ಣಾಸ್ಪತ್ರೆಗೋ ಅಂದೇ ಹೋಗತಕ್ಕದ್ದು. ವೈದ್ಯರು ಪರೀಕ್ಷೆಯ ಫಲಿತಾಂಶ ಕೈಸೇರುವ ಮೊದಲೇ ಸ್ಟಿರಾಯ್ಡ್ ಔಷಧವನ್ನು ಆರಂಭಿಸುತ್ತಾರೆ. ಕಳೆದ ಕಣ್ಣು ಮರಳುವುದು ಅಪರೂಪ. ಅವರ ಆತುರವೆಲ್ಲ ಇನ್ನೊಂದು ಕಣ್ಣಿಗಾಗಿ.