ಅಜ್ಜಿಯ ಸೀರೆಯೂ ಪೀಠಿಕೆಯೇ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಚೆಕ್ಕಿನಲ್ಲಿ ತಾರೀಖು, ಹೆಸರು, ಅಕ್ಷರದಲ್ಲಿ ಮೊತ್ತ, ಅಂಕಿಯಲ್ಲಿ ಮೊತ್ತ, ಸಹಿ – ಒಂದು ತಪ್ಪಿದರೂ ವಾಪಸ್. ನಿವೃತ್ತಿಯಾದರೂ ಆ ಅಭ್ಯಾಸ ಬಿಡಲಿಲ್ಲ. ಆರನೇ ತರಗತಿಯ ಮೊಮ್ಮಗಳಿಗೆ ಪ್ರಬಂಧ ಹೇಳಿಕೊಡುವಾಗಲೂ ಅದೇ ಶಿಸ್ತು: ಮೊದಲು ಪೀಠಿಕೆ, ಆಮೇಲೆ ವಿಷಯ ವಿವರಣೆ, ಕೊನೆಗೆ ಉಪಸಂಹಾರ.

ಒಮ್ಮೆ ‘ಮಳೆಗಾಲ’ದ ಬಗ್ಗೆ ಬರೆದು ತಂದಳು. ಮೊದಲ ಸಾಲು ಹೀಗಿತ್ತು: “ಜೋರು ಗಾಳಿಗೆ ಅಜ್ಜಿಯ ಸೀರೆ ಹಾರಿ ಪಕ್ಕದ ಮನೆಯ ದಾಳಿಂಬೆ ಗಿಡಕ್ಕೆ ಸಿಕ್ಕಿಕೊಂಡಿತು.”

“ಇದು ಪೀಠಿಕೆಯೇ ಅಲ್ಲ” ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, “ಮಳೆಯು ಪ್ರಕೃತಿಯ ಅಮೂಲ್ಯ ಕೊಡುಗೆ” ಎಂದು ಬರೆದೆ. ಓದಿ ಮೆಲ್ಲಗೆ ಹೇಳಿದಳು: “ತಾತ, ಇದು ನಮ್ಮನೆ ಮಳೆ ಅಲ್ಲ.”

ಆಮೇಲೆ ತಿಂಗಳಾದರೂ ನನಗೆ ಪುಸ್ತಕ ತೋರಿಸಲಿಲ್ಲ. ಕೇಳಿದರೆ “ಹೋಂವರ್ಕ್ ಆಯ್ತು ತಾತ” ಎಂದು ಒಳಗೆ ಹೋಗುತ್ತಿದ್ದಳು. ಮನಸ್ಸಿಗೆ ಚುಚ್ಚಿತು. ಹಾಗಾದರೆ ಬರವಣಿಗೆಗೆ ಕಟ್ಟುನಿಟ್ಟೇ ಬೇಡವೇ?

ಉತ್ತರ ಹೊಳೆದದ್ದು ಕುಮಾರವ್ಯಾಸ ಭಾರತ ಓದುವಾಗ. ಮಕ್ಕಳೇ, ಅದು ಭಾಮಿನಿ ಷಟ್ಪದಿಯಲ್ಲಿದೆ. ಪದ್ಯಕ್ಕೆ 6 ಸಾಲು. ಲಘುವಿಗೆ 1 ಮಾತ್ರೆ, ಗುರುವಿಗೆ 2. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ 14 ಮಾತ್ರೆ; ಮೂರು ಮತ್ತು ಆರನೆಯದರಲ್ಲಿ 23. ಒಟ್ಟು 102. ಬೆರಳು ಮಡಚಿ ಎಣಿಸಿದೆ, ಲೆಕ್ಕ ಸರಿಹೋಯಿತು. ಇಷ್ಟು ಬಿಗಿಯಾದ ಅಚ್ಚಿನಲ್ಲೇ ದ್ರೌಪದಿಯ ಸಂಕಟವೂ ಇದೆ, ಉತ್ತರಕುಮಾರನ ಜಂಭವೂ ಇದೆ. ಛಂದಸ್ಸು ಮಾತ್ರೆ ಎಷ್ಟೆಂದು ಹೇಳಿತೇ ಹೊರತು, ಏನು ಹೇಳಬೇಕೆಂದು ಕವಿಗೆ ಹೇಳಲಿಲ್ಲ. ನಾನೋ, ಮಗುವಿನ ಮಾತನ್ನೇ ಕಿತ್ತುಕೊಂಡು ನನ್ನದನ್ನು ತುಂಬಿದ್ದೆ.

ಅವತ್ತು ಸಂಜೆ ಮೊಮ್ಮಗಳನ್ನು ಕೂರಿಸಿಕೊಂಡು, “ತಪ್ಪು ನನ್ನದೇ ಪುಟ್ಟಿ. ಆಮೇಲೆ ಆ ಸೀರೆ ಏನಾಯ್ತು?” ಎಂದೆ. ಅವಳ ಮುಖ ಅರಳಿತು. “ಪಕ್ಕದ ಮನೆ ಆಂಟಿ ಸೀರೆ ಜತೆ ಎರಡು ದಾಳಿಂಬೆನೂ ಕೊಟ್ರು ತಾತ!”

“ಅದನ್ನೇ ಕೊನೆಗೆ ಬರಿ. ಅದೇ ಉಪಸಂಹಾರ” ಎಂದೆ.

ರಜಾ ಅರ್ಜಿಗೆ ಮಾತ್ರ ಈಗಲೂ ನಾನು ಕಟ್ಟುನಿಟ್ಟು: ಇಂದ, ಗೆ, ವಿಷಯ, ದಿನಾಂಕ, ಸಹಿ. ಯಾರಿಗೆ, ಎಷ್ಟು ದಿನ, ಯಾಕೆ ರಜೆ ಎಂಬುದು ಮೇಷ್ಟ್ರಿಗೆ ಒಂದೇ ನೋಟಕ್ಕೆ ತಿಳಿಯಬೇಕಲ್ಲ. ಪ್ರಬಂಧವಾದರೆ ಅವಳು ಮೊದಲು ಬಾಯಲ್ಲಿ ಹೇಳುತ್ತಾಳೆ, ಆಮೇಲೆ ಬರೆಯುತ್ತಾಳೆ. ಯಾವುದು ಮುಂದೆ, ಯಾವುದು ಹಿಂದೆ ಎಂದು ಇಬ್ಬರೂ ಕೂತು ಜೋಡಿಸುತ್ತೇವೆ.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಬರಹ ತಿದ್ದುವಾಗ ಪೆನ್ಸಿಲ್ ಹಿಡಿಯಿರಿ. ತಿದ್ದಿದ್ದು ತಪ್ಪಾದರೆ ಅಳಿಸಬಹುದು. ನನ್ನ ಕೆಂಪು ಪೆನ್ನನ್ನು ಮೊಮ್ಮಗಳೇ ಚಿತ್ರ ಬಿಡಿಸಲು ತೆಗೆದುಕೊಂಡಿದ್ದಾಳೆ.